ಐಪಿ ಹಾಕಿದ ಮನೆಗೆ ನೌಕರಿ ಬಂತು

ಫೋನು ಬಂದಾಗ ಶಿವಶರಣಪ್ಪ ಊಟಕ್ಕೆ ಕೂತಿದ್ದ. ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಹಚ್ಚಿದ್ದ ಕೈ ಹಾಗೇ ನಿಂತಿತು. ಎಡಗೈಯಲ್ಲಿ ಫೋನು ಹಿಡಿದು ತೆಲುಗಿನಲ್ಲಿ "ಅವುನು ಸಾರ್, ವಸ್ತಾನು ಸಾರ್", ಹೌದು ಬರುತ್ತೇನೆ ಎಂದು ಮೂರು ಸಲ ಹೇಳಿ, ಫೋನು ಕೆಳಗಿಟ್ಟು, ಮನೆಯವರ ಮುಖ ಒಂದೊಂದಾಗಿ ನೋಡಿದ. ಐವತ್ಮೂರು ವರ್ಷದ ಗಂಡಸಿಗೆ ನಗಬೇಕೋ ಅಳಬೇಕೋ ತಿಳಿಯದಾಗಿತ್ತು.

"ಜೀಡಿಮೆಟ್ಲಾ ಫ್ಯಾಕ್ಟರಿಯವ್ರು. ಸ್ಟೋರ್ಸ್ ಇನ್‌ಚಾರ್ಜ್ ಅಂತ. ಸೋಮವಾರ ಬಂದು ಸೇರಿಕೋ ಅಂದ್ರು."

"ಪಗಾರ ಎಷ್ಟಂತ್ರಿ?" ಹೆಂಡತಿ ಸ್ನೇಹಲತಾ ಒಲೆ ಮುಂದಿನಿಂದಲೇ ಕೇಳಿದಳು.

"ಮೂವತ್ತೆಂಟು."

"ಮೂವತ್ತೆಂಟು ಏನು?"

"ಸಾವಿರ."

ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಕರಿಯಾಯಿತು. ದಿನಕ್ಕೆ ನೂರಿಪ್ಪತ್ತು ರೊಟ್ಟಿ ಬಡಿದು ನಾರಾಯಣಗೂಡದ ಹಾಸ್ಟೆಲುಗಳಿಗೆ ಕೊಡುವ ಸ್ನೇಹಲತಾ ಒಂದು ರೊಟ್ಟಿಯನ್ನು ಹೀಗೆ ಸುಡಲು ಬಿಟ್ಟವಳೇ ಅಲ್ಲ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಮಗಳು ಪೂರ್ವಿ ಪುಸ್ತಕ ಮಂಚದ ಮೇಲೆ ಎಸೆದು ಬಂದು, "ಪಪ್ಪಾ, ಮೂವತ್ತೆಂಟು ಕೈಗೆ ಬರತಾವೋ, ಪಿಎಫ್ ಕಟ್ ಆಗಿ ಬರತಾವೋ?" ಎಂದು ಕೇಳಿದಳು. ಅಜ್ಜಿ ಸಾವಿತ್ರಿಬಾಯಿಗೆ ಪಿಎಫ್ ಗೊತ್ತಿಲ್ಲ, ಮಗನ ಬಾಯಿ ಗೊತ್ತು. ಸಕ್ಕರೆ ಡಬ್ಬಿಗೆ ಕೈಹಾಕಿ ಒಂದು ಮುಷ್ಟಿ ತಂದು, ಪಲ್ಯದ ತುತ್ತಿದ್ದ ಬಾಯೊಳಗೇ ತುರುಕಿದಳು.

ಆ ಸಂಭ್ರಮ ಕೈ ತೊಳೆಯುವ ತನಕ ಉಳಿಯಿತು. ಆಮೇಲೆ ಸ್ನೇಹಲತಾ ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತಳು.

"ಇಪ್ಪತ್ತಾರಕ್ಕ ಕೋರ್ಟ್ ಐತಿ. ನೆನಪೈತೋ ಇಲ್ಲೋ?"

ಹೈದರಾಬಾದಿನಲ್ಲಿ "ಅವನು ಐಪಿ ಹಾಕಿದ" ಅಂದರೆ ಮುಂದೆ ವಿವರಿಸಬೇಕಾಗಿಲ್ಲ. ಐಪಿ ಅಂದರೆ ಇನ್‌ಸಾಲ್ವೆನ್ಸಿ ಪಿಟಿಷನ್: ಸಾಲ ತೀರಿಸಲು ನನ್ನ ಹತ್ತಿರ ಏನೂ ಉಳಿದಿಲ್ಲ, ನನ್ನನ್ನು ದಿವಾಳಿ ಎಂದು ಸಾರಿಬಿಡಿ ಎಂದು ಕೋರ್ಟಿಗೆ ಅರ್ಜಿ ಹಾಕುವುದು. ಬೇಗಂ ಬಜಾರಿನಲ್ಲಿ ಶಿವಶರಣಪ್ಪನ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿ ಹದಿನೆಂಟು ವರ್ಷ ನಡೆಯಿತು. ಉದ್ರಿ ಒಯ್ದ ಎರಡು ದೊಡ್ಡ ಹೋಟೆಲುಗಳು ಬಾಗಿಲು ಹಾಕಿದ ಮೇಲೆ ಅವನ ಅಂಗಡಿಯೂ ಬಾಗಿಲು ಹಾಕಿತು. ಅವನಿಗೆ ಸಾಲ ಕೊಟ್ಟ ಸಾಲಗಾರರು ಹನ್ನೊಂದು ಜನ. ಕೋರ್ಟು ನೇಮಿಸಿದ ಅಧಿಕಾರಿ ಬಂದು ಕೊಡ, ಪರಾತ, ತೂಕದ ಯಂತ್ರ, ಕಡೆಗೆ ಗೋಡೆಯ ಫ್ಯಾನನ್ನೂ ಮಾರಿ ಎಲ್ಲರಿಗೂ ರೂಪಾಯಿಗೆ ಆರಾಣೆಯಂತೆ ಹಂಚಿದ. ಇದಾಗಿ ಎರಡು ವರ್ಷ. ಇನ್ನು ಉಳಿದದ್ದು ಒಂದೇ, ಬಿಡುಗಡೆಯ ಆದೇಶ. ಅದು ಸಿಕ್ಕರೆ ಹಳೆಯ ಸಾಲದಿಂದ ಮುಕ್ತ, ಮತ್ತೆ ಎಲ್ಲರಂತೆ ಮನುಷ್ಯ. ಅದು ಸಿಗುವ ತನಕ ಐವತ್ತು ರೂಪಾಯಿ ಉದ್ರಿ ತರಬೇಕಾದರೂ ನಾನು ದಿವಾಳಿ ಎಂದು ಮೊದಲೇ ಹೇಳಬೇಕೆಂಬ ಕಾಯ್ದೆ. ಶಿವಶರಣಪ್ಪ ಇದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದನೆಂದರೆ, ಚಿಲ್ಲರೆ ಇಲ್ಲ ನಾಳೆ ಕೊಡಿ ಎಂದ ತರಕಾರಿಯವಳಿಗೂ ಕೋರ್ಟಿನ ಕಥೆ ಹೇಳಿ ಅವಳ ತಲೆ ತಿಂದಿದ್ದ.

ಬಿಡುಗಡೆಯ ಅರ್ಜಿಯಲ್ಲಿ ಅವನ ಆದಾಯ ತಿಂಗಳಿಗೆ ಹನ್ನೆರಡು ಸಾವಿರ ಎಂದು ಬರೆದಿತ್ತು. ಕಾಚಿಗೂಡದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ. ಇಷ್ಟು ಕಡಿಮೆ ಆದಾಯದವನಿಂದ ಏನು ಕಿತ್ತುಕೊಳ್ಳುವುದು ಎಂದು ಜಡ್ಜ್ ಹಾಗೇ ಬಿಟ್ಟುಬಿಡುತ್ತಾರೆ ಎಂಬುದೇ ಎಲ್ಲರ ಭರವಸೆಯಾಗಿತ್ತು. ಈಗ ಹನ್ನೆರಡು ಇದ್ದದ್ದು ಮೂವತ್ತೆಂಟಾಯಿತು, ಅದೂ ಕೋರ್ಟಿನ ತಾರೀಖಿಗೆ ಮೂರೂವರೆ ವಾರ ಇರುವಾಗ.

"ಕೋರ್ಟ್ ಮುಗಿಯೂತನಕ ಬಾಯಿ ಬಿಡಬ್ಯಾಡ್ರಿ," ಸ್ನೇಹಲತಾ ಹೇಳಿದಳು. "ಇಪ್ಪತ್ತೇಳಕ್ಕ ಹೋಗಿ ಸೇರ್ರಿ."

"ಸೋಮವಾರ ಹೋಗದಿದ್ರ ಬ್ಯಾರೆಯವ್ರನ್ನ ತಗೋತಾರ."

"ಹಂಗಾರ ಸೇರ್ರಿ, ಹೇಳಬ್ಯಾಡ್ರಿ. ಯಾರಿಗೆ ಗೊತ್ತಾಗತೈತಿ? ಜಡ್ಜ್ ಬಂದು ಜೀಡಿಮೆಟ್ಲಾದಾಗ ನಿಂದರ್ತಾರೇನು?"

"ಪ್ರಮಾಣ ಮಾಡಿ ಬರದಕೊಟ್ಟೀನಿ, ಸ್ನೇಹಾ."

"ಬರದಾಗ ಹನ್ನೆರಡೇ ಇತ್ತಲ್ಲ, ಸುಳ್ಳೇನು?"

ಮರುದಿನ ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಮೂವರೂ ವಕೀಲ ರವಿಕಿರಣನ ಆಫೀಸಿಗೆ ಹೋದರು. ಜೆರಾಕ್ಸ್ ಅಂಗಡಿಯ ಮೇಲಿನ ಚಿಕ್ಕ ಖೋಲಿ. ರವಿಕಿರಣ ಕಲಬುರಗಿಯ ಕಡೆಯವನು, ಪೂರ್ವಿಗಿಂತ ಏಳೆಂಟು ವರ್ಷ ದೊಡ್ಡವನಿದ್ದಾನು, ಮಾತಿನಲ್ಲಿ ಮಾತ್ರ ಮುದುಕ.

"ಹೇಳಲೇಬೇಕ್ರಿ," ಎಂದ. "ಆದಾಯ ಬದಲಾದ್ರ ಕೋರ್ಟಿಗೆ ತಿಳಿಸೋದು ನಿಮ್ಮ ಜವಾಬ್ದಾರಿ. ಮುಚ್ಚಿಟ್ಟದ್ದು ಗೊತ್ತಾತಂದ್ರ ಬಿಡುಗಡೆ ಅರ್ಜಿ ವಜಾ ಆಗತೈತಿ. ಮ್ಯಾಲ ಕ್ರಿಮಿನಲ್ ಕೇಸ್. ಎರಡು ವರ್ಷದ್ದೆಲ್ಲಾ ನೀರಾಗ ಹೋಗತೈತಿ."

"ಹೇಳಿದ್ರ?"

"ಹೇಳಿದ್ರ, ಬಿಡುಗಡೆ ಕೊಡತಾರ, ಆದ್ರ ಷರತ್ತು ಹಾಕಬಹುದು. ಇಷ್ಟು ವರ್ಷ, ತಿಂಗಳಿಗೆ ಇಷ್ಟು ಪಗಾರದಾಗಿಂದ ಕಟ್ಟು ಅಂತ."

"ಎಷ್ಟು?"

"ಅದು ಜಡ್ಜ್ ಕೈಯಾಗ ಐತ್ರಿ. ಹತ್ತು ಅನ್ನಬಹುದು, ಹದಿನೈದೂ ಅನ್ನಬಹುದು."

ಹದಿನೈದು ಅಂದದ್ದೇ ಸ್ನೇಹಲತಾ ಎದ್ದು ನಿಂತಳು. ಬಸ್‌ಸ್ಟಾಪಿನ ತನಕ ಆಕೆ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಅಲ್ಲಿ ಆಕೆಯ ಬಾಯಿ ಬಿಚ್ಚಿತು: ಪೂರ್ವಿಯ ಕೋಚಿಂಗ್ ಫೀ ಎರಡನೇ ಕಂತು ಬಾಕಿ ಇದೆ, ಅತ್ತೆಯ ಕಣ್ಣಿನ ಪೊರೆ ತೆಗೆಸಬೇಕು, ಫ್ರಿಜ್ಜಿನ ಬಾಗಿಲಿಗೆ ರಬ್ಬರ್ ಬ್ಯಾಂಡ್ ಹಾಕಿ ಎರಡು ವರ್ಷವಾಯಿತು. ನೌಕರಿ ಬಂದದ್ದು ಮನೆಗೋ ಹನ್ನೊಂದು ಜನಕ್ಕೋ? ನಾವು ನಾಲ್ಕು ಮಂದಿ ಬಾಯಿ ಮುಚ್ಚಿಕೊಂಡಿದ್ದರೆ ಐದನೆಯವರಿಗೆ ಹೇಗೆ ಗೊತ್ತಾಗುತ್ತದೆ?

ಅದೇ ಹೊತ್ತಿಗೆ ಮನೆಯಲ್ಲಿ ನಾಲ್ಕನೆಯವಳು ಐದನೆಯವನಿಗೆ ಪೇಡೆ ಕಳಿಸುತ್ತಿದ್ದಳು.

ಸಾವಿತ್ರಿಬಾಯಿಯ ಕಡೆಯಿಂದ ನೋಡಿದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಮೂರು ವರ್ಷದ ಹಿಂದೆ, ಅಂಗಡಿ ಇನ್ನೂ ನಡೆಯುತ್ತಿದ್ದಾಗ, ಕಾಶಿನಾಥನ ಮಗಳು ಭಾಗ್ಯಶ್ರೀಗೆ ಬ್ಯಾಂಕ್ ನೌಕರಿ ಸಿಕ್ಕಿ, ಅವರ ಮನೆಯಿಂದ ಒಂದು ಸ್ಟೀಲ್ ಡಬ್ಬಿ ತುಂಬ ಬೇಸನ್ ಉಂಡೆ ಬಂದಿತ್ತು. ಕಾಶಿನಾಥ ಬೇಗಂ ಬಜಾರಿನ ಜೋಳ, ಬೇಳೆಯ ವ್ಯಾಪಾರಿ, ಭಾಲ್ಕಿಯವನು. ಸಿಹಿ ತುಂಬಿ ಬಂದ ಡಬ್ಬಿಯನ್ನು ಖಾಲಿ ಹಿಂತಿರುಗಿಸುವ ಪದ್ಧತಿ ಈ ಜನರಲ್ಲಿ ಇಲ್ಲ. ಮನೆಯಲ್ಲಿ ಒಳ್ಳೆಯದಾದಾಗ ಸಿಹಿ ತುಂಬಿಯೇ ಕಳಿಸಬೇಕು. ಇವರ ಮನೆಯಲ್ಲಿ ಒಳ್ಳೆಯದಾಗಲೇ ಇಲ್ಲ. ಅಷ್ಟರಲ್ಲಿ ಅಂಗಡಿ ಮುಳುಗಿತು, ಕಾಶಿನಾಥ ಸಾಲ ಕೊಟ್ಟಿದ್ದ ಐದೂವರೆ ಲಕ್ಷವೂ ಅದರ ಜೊತೆ ಮುಳುಗಿತು, ಹನ್ನೊಂದು ಸಾಲಗಾರರಲ್ಲಿ ಬಿಡುಗಡೆಗೆ ಅಡ್ಡ ನಿಂತವನು ಅವನೊಬ್ಬನೇ ಆದ. ಡಬ್ಬಿ ಅಟ್ಟದ ಮೇಲೆ ಕೂತು ಮುದುಕಿಯ ಕಣ್ಣು ಚುಚ್ಚುತ್ತಿತ್ತು. ಆವತ್ತು ಆಕೆ ಮೊಮ್ಮಗಳ ಗೆಳತಿಯಿಂದ ಅರ್ಧ ಕಿಲೋ ಪೇಡೆ ತರಿಸಿ, ಡಬ್ಬಿಗೆ ತುಂಬಿ, ಓಣಿಯ ಆಟೋ ಸಾಬಣ್ಣನ ಕೈಯಲ್ಲಿ ಕೊಟ್ಟು, "ನಮ್ಮ ಶರಣಪ್ಪಗ ಫ್ಯಾಕ್ಟರ್ಯಾಗ ದೊಡ್ಡ ನೌಕರಿ ಸಿಕ್ಕೈತಿ ಅಂತ ಹೇಳು," ಎಂದೂ ಹೇಳಿ ಕಳಿಸಿದಳು.

"ಅತ್ತೀ, ಏನ ಮಾಡಿದ್ರಿ ನೀವು?" ಮನೆಗೆ ಬಂದು ಇದನ್ನು ಕೇಳಿದ ಸ್ನೇಹಲತಾಳ ದನಿ ಕೆಳಗಿನ ಮನೆಗೆ ಕೇಳಿಸಿತು.

"ಡಬ್ಬಿ ಎಷ್ಟು ದಿನ ಇಟಗೋಬೇಕವ್ವಾ?"

"ಅಂವ ನಮ್ಮ ಮ್ಯಾಲ ಕೇಸ್ ನಡಸಾಕತ್ತಾನ!"

"ಕೋರ್ಟಿನ ವ್ಯವಹಾರ ಕೋರ್ಟಿನಾಗ. ಮನಿ ವ್ಯವಹಾರ ಮನ್ಯಾಗ. ಡಬ್ಬಿ ಅವರ ಮನೀದು."

ಸ್ನೇಹಲತಾ ನೆಲದ ಮೇಲೆ ಕೂತುಬಿಟ್ಟಳು. ಶಿವಶರಣಪ್ಪ ಗೋಡೆಯ ಕಡೆ ತಿರುಗಿ ಹೆಗಲು ಅಲುಗಿಸುತ್ತಿದ್ದ. ಅಳುತ್ತಿದ್ದಾನೆಂದು ಪೂರ್ವಿ ಹತ್ತಿರ ಹೋದರೆ, ನಗು ತಡೆಯಲಾರದೆ ಒದ್ದಾಡುತ್ತಿದ್ದ. ಅವನ ಎದೆಯ ಮೇಲಿನ ಭಾರವನ್ನು ತಾಯಿ ಅರ್ಧ ಕಿಲೋ ಪೇಡೆಯಲ್ಲಿ ಇಳಿಸಿಬಿಟ್ಟಿದ್ದಳು. ಹೇಳಬೇಕೋ ಬೇಡವೋ ಎಂಬ ಪ್ರಶ್ನೆಯೇ ಉಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಕಾಶಿನಾಥ ತಾನೇ ಬಂದ. ಎರಡು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದ್ದ. ಸಾವಿತ್ರಿಬಾಯಿಯ ಕಾಲು ಮುಟ್ಟಿ ನಮಸ್ಕರಿಸಿ, ಕುರ್ಚಿಯ ತುದಿಯಲ್ಲಿ ಕೂತ.

"ಪೇಡೆ ಮುಟ್ಟಿದುವು, ಕಾಕು."

"ಚಲೋ ಇದ್ದುವೇನಪ್ಪಾ?"

"ಚಲೋ ಇದ್ದುವು." ಆಮೇಲೆ ಶಿವಶರಣಪ್ಪನ ಕಡೆ ತಿರುಗಿದ. "ಎಷ್ಟು ಪಗಾರ?"

"ಮೂವತ್ತೆಂಟು."

"ಮತ್ತ ಕೋರ್ಟಿನಾಗ ಹನ್ನೆರಡಂತ ಬರದಿ."

"ಬರದಾಗ ಹನ್ನೆರಡೇ ಇತ್ತು. ಈಗ ಮೂವತ್ತೆಂಟಂತ ಬರದು ಕೊಡಾಂವ ಇದೀನಿ."

"ಪೇಡೆ ಬರದಿದ್ರ ಕೊಡತಿದ್ದೇನು?"

ಶಿವಶರಣಪ್ಪ ಉತ್ತರ ಕೊಡುವ ಮೊದಲು ಸ್ನೇಹಲತಾ ಚಹಾ ತಂದು ಅವನ ಮುಂದೆ ಕುಕ್ಕಿದಳು. "ಕೊಡಬ್ಯಾಡ್ರಿ ಅಂತ ನಾನಽ ಹೇಳಿದ್ದೆ, ಕಾಶಿನಾಥಣ್ಣ. ಬೈಯೋದಿದ್ರ ನನಗ ಬೈರಿ. ಇವರು ಮೊದಲಿನಿಂದ ಹೇಳತೀನಂತನಽ ಕುಂತಾರ."

"ನಂದು ಐದೂವರೆ ಲಕ್ಷ, ತಂಗೀ. ಬಂದದ್ದು ಎರಡು. ಮಗಳ ಮದುವಿಗೆ ಅಂತ ಇಟ್ಟ ರೊಕ್ಕ ಇತ್ತದು. ಒಂದ ಸಲ ಮನಿಗೆ ಬಂದು 'ಹಿಂಗಾತೋ ಕಾಶಿ' ಅಂತ ಅಂದನೇನು ಇಂವ? ನೋಟೀಸು ಕಳಿಸಿದ."

ಆ ಮಾತು ನಿಜವಾಗಿತ್ತು. ನಾಚಿಕೆಗೆ ಹೆದರಿ ಶಿವಶರಣಪ್ಪ ಎರಡು ವರ್ಷ ಬೇಗಂ ಬಜಾರಿನ ಆ ಓಣಿಗೇ ಕಾಲಿಟ್ಟಿರಲಿಲ್ಲ. ಕಾಶಿನಾಥ ಚಹಾ ಪೂರ್ತಿ ಕುಡಿದು, ಇಪ್ಪತ್ತಾರಕ್ಕೆ ನೋಡೋಣ ಎಂದು ಎದ್ದುಹೋದ.

ಅಲ್ಲಿಂದ ಅತ್ತೆ ಸೊಸೆಯರ ಮಾತು ನಿಂತಿತು. ಒಂದೇ ಅಡಿಗೆಮನೆಯಲ್ಲಿ ಒಬ್ಬಳು ಹಿಟ್ಟು ನಾದಿ ಕೊಡಬೇಕು, ಇನ್ನೊಬ್ಬಳು ಬಡಿಯಬೇಕು. ನೂರಿಪ್ಪತ್ತು ರೊಟ್ಟಿ ಮಾತಿಲ್ಲದೆ ಆಗುವುದು ಸುಲಭವಲ್ಲ. "ಪೂರ್ವಿ, ನಿಮ್ಮಜ್ಜಿಗೆ ಹಿಟ್ಟು ಗಟ್ಟಿ ಆತಂತ ಹೇಳು." "ಪೂರ್ವಿ, ನಿಮ್ಮವ್ವಗ ನೀರು ತಾನೇ ಹಾಕ್ಕೋ ಅಂತ ಹೇಳು." ಪೂರ್ವಿ ಒಂದು ವಾರ ತಡೆದಳು. ಎಂಟನೇ ದಿನ, ನಾನು ಬ್ಯಾಂಕ್ ಪರೀಕ್ಷೆ ಬಿಟ್ಟು ಪೋಸ್ಟಾಫೀಸ್ ಪರೀಕ್ಷೆ ಬರೆಯುತ್ತೇನೆ ಎಂದು ಕೂಗಿ ಹೊರಗೆ ಹೋದಳು. ಅದಕ್ಕೆ ಇಬ್ಬರೂ ನಕ್ಕರು, ನಕ್ಕ ಮೇಲೆ ಮತ್ತೆ ಸುಮ್ಮನಾಗುವುದು ಕಷ್ಟವಾಯಿತು.

ಈ ನಡುವೆ ಶಿವಶರಣಪ್ಪ ನೌಕರಿಗೆ ಸೇರಿದ್ದ. ಬೆಳಿಗ್ಗೆ ಆರೂವರೆಗೆ ಡಬ್ಬಿ ಹಿಡಿದು ಹೊರಟರೆ ಸಂಜೆ ಏಳೂವರೆಗೆ ಬರುತ್ತಿದ್ದ, ಬಂದವನು ಊಟ ಮುಗಿಯುವ ತನಕ ಬಾಯಿ ಮುಚ್ಚುತ್ತಿರಲಿಲ್ಲ. ಔಷಧಿ ಫ್ಯಾಕ್ಟರಿ, ಗೋದಾಮು ಎರಡು ಮಹಡಿ, ಕೊರಳಲ್ಲಿ ಫೋಟೋ ಇರುವ ಕಾರ್ಡು, ಕಬ್ಬಿಣದ ಮೂತಿಯ ಬೂಟು. ಮೊದಲ ವಾರದಲ್ಲೇ ಸ್ಟೀಲ್ ಡ್ರಮ್ಮುಗಳ ಒಂದು ಲಾರಿ ಬಂದಾಗ, ಬೆರಳಿನಿಂದ ತಟ್ಟಿ ನೋಡಿ, ಬಿಲ್ಲಿನಲ್ಲಿ ಬರೆದಷ್ಟು ದಪ್ಪದ ತಗಡು ಇದಲ್ಲ ಎಂದು ಹೇಳಿದ. ಅಳೆದು ನೋಡಿದರೆ ಅವನು ಹೇಳಿದ್ದೇ ಸರಿ. ಮ್ಯಾನೇಜರು ತನ್ನ ಕ್ಯಾಬಿನ್ನಿಗೆ ಕರೆದು ಕಾಫಿ ಕುಡಿಸಿದ್ದನ್ನು ಮೂರು ದಿನ ಮೂರು ರೀತಿಯಲ್ಲಿ ಹೇಳಿದ. ಮನೆ ತುಂಬ ಗಲಗಲ. ಕುಸಿದು ಕೂತಿದ್ದ ಗಂಡ ಎದ್ದು ನಿಂತದ್ದು ನೋಡಿ ಸ್ನೇಹಲತಾಗೂ ಖುಷಿಯೇ. ಆದರೆ ಪ್ರತಿ ಊಟದಲ್ಲೂ ಆಕೆಯ ಪ್ರಶ್ನೆ ಒಂದೇ.

"ವಕೀಲ ಎಷ್ಟಂದ? ಹತ್ತೋ, ಹದಿನೈದೋ?"

"ಹದಿನೈದು ಹೋದ್ರೂ ಇಪ್ಪತ್ಮೂರು ಉಳೀತಾವ. ಹನ್ನೆರಡರಾಗ ನಡಿಸಿದ್ದಿಲ್ಲೇನು ನಾನು ಮನಿ?"

ಸ್ನೇಹಲತಾ ಅವನನ್ನೇ ಒಂದು ಗಳಿಗೆ ನೋಡಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಇಪ್ಪತ್ತಾರಕ್ಕೆ ಮನೆಗೆ ಬೀಗ ಹಾಕಿ ನಾಲ್ವರೂ ಕೋರ್ಟಿಗೆ ಹೋದರು. ಸಾವಿತ್ರಿಬಾಯಿ ಹೊರಗೆ ಬೆಂಚಿನ ಮೇಲೆ ಕೂತಳು, ಉಳಿದವರು ಒಳಗೆ. ರವಿಕಿರಣ ಹೊಸ ಪ್ರಮಾಣಪತ್ರ ಮುಂದಿಟ್ಟ: ನೌಕರಿ, ಸೇರಿದ ತಾರೀಖು, ಪಗಾರ, ಎಲ್ಲ. ಕಾಶಿನಾಥನ ವಕೀಲ ಸಾಯಿಕುಮಾರ ನೌಕರಿ ಮುಚ್ಚಿಟ್ಟರೆಂದು ವಾದಿಸಲು ತಯಾರಾಗಿ ಬಂದಿದ್ದ. ಆ ವಾದ ನಿಲ್ಲದಾದಾಗ ಕಾಗದ ತಿರುವಿ ಬೇರೊಂದು ಕಡೆಯಿಂದ ಬಂದ. ಮಾತೆಲ್ಲ ತೆಲುಗಿನಲ್ಲಿ.

"ಹೊಸ ಪಗಾರದ ಮಾತು ಇರಲಿ ಸಾರ್. ಕಳೆದ ಎರಡು ವರ್ಷ ಇವರ ಆದಾಯ ಹನ್ನೆರಡು ಸಾವಿರವಂತೆ. ಮನೆ ಬಾಡಿಗೆಯೇ ಒಂಬತ್ತು. ಉಳಿದ ಮೂರು ಸಾವಿರದಲ್ಲಿ ನಾಲ್ಕು ಜನ ಉಂಡರು, ಔಷಧಿ ತಂದರು, ಮಗಳನ್ನು ಕೋಚಿಂಗಿಗೆ ಕಳಿಸಿದರು. ನಂಬಬೇಕೇ? ಎಲ್ಲೋ ಮುಚ್ಚಿಟ್ಟ ಹಣ ಇದೆ."

ಜಡ್ಜ್ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. "ಏನ್ರೀ? ಹೇಗೆ ನಡೆಸಿದಿರಿ?"

ಶಿವಶರಣಪ್ಪ ಬಾಯಿ ತೆರೆದ. "ಹೇಗೋ ನಡೆಯಿತು ಸಾರ್," ಎಂದ. ಅಷ್ಟೇ ಅವನಿಗೆ ಗೊತ್ತಿತ್ತು. ಹನ್ನೆರಡರಲ್ಲಿ ಒಂಬತ್ತು ಕಳೆದರೆ ಮೂರು ಎಂಬುದು ಹದಿನೆಂಟು ವರ್ಷ ಸಗಟು ವ್ಯಾಪಾರ ಮಾಡಿದವನಿಗೆ ತಿಳಿಯದ್ದಲ್ಲ. ಒಂದನೇ ತಾರೀಖಿಗೆ ಹೆಂಡತಿಯ ಕೈಗೆ ಹಣ ಕೊಟ್ಟರೆ ತನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆಕೆಯ ರೊಟ್ಟಿಯ ಹಣಕ್ಕೆ ಅವನು ಕೈಖರ್ಚು ಎಂದು ಹೆಸರಿಟ್ಟಿದ್ದ. ಎಷ್ಟು ಎಂದು ಒಂದು ದಿನವೂ ಕೇಳಿರಲಿಲ್ಲ.

"ಹೇಗೋ ಅಂದರೆ ಹೇಗೆ?" ಜಡ್ಜ್ ದನಿ ಏರಿಸಿದರು.

ಹಿಂದಿನ ಬೆಂಚಿನಿಂದ ಒಂದು ದನಿ ಬಂತು. "ನಾ ಹೇಳತೀನ್ರಿ."

ಗಾಬರಿಗೆ ಕನ್ನಡ ಬಂದಿತ್ತು. ಸ್ನೇಹಲತಾ ತಕ್ಷಣ ತೆಲುಗಿಗೆ ತಿರುಗಿ, ಮನೆ ನಡೆಸಿದವಳು ನಾನು, ನನ್ನನ್ನು ಕೇಳಿ ಎಂದಳು. ಜಡ್ಜ್ ಒಂದು ಕ್ಷಣ ಯೋಚಿಸಿ, ಮುಂದೆ ಕರೆದು ಪ್ರಮಾಣ ಮಾಡಿಸಿದರು. ಕಟಕಟೆಯ ಮರ ಹಿಡಿದುಕೊಂಡು ಆಕೆ ತರಕಾರಿಯವಳ ಹತ್ತಿರ ಮಾತಾಡುವ ವೇಗದಲ್ಲಿ ಹೇಳತೊಡಗಿದಳು. ದಿನಕ್ಕೆ ನೂರಿಪ್ಪತ್ತು ಜೋಳದ ರೊಟ್ಟಿ. ಒಂದಕ್ಕೆ ಒಂಬತ್ತು ರೂಪಾಯಿ. ತಿಂಗಳಿಗೆ ಇಪ್ಪತ್ತಾರು ದಿನ, ಇಪ್ಪತ್ತೆಂಟು ಸಾವಿರ. ಜೋಳ, ಬೀಸಿದ್ದು, ಗ್ಯಾಸು ಸೇರಿ ಹನ್ನೆರಡು ಸಾವಿರ ಕಳೆಯಬೇಕು. ಉಳಿಯುವುದು ಹದಿನಾರು.

ಹದಿನಾರು ಎಂದದ್ದು ಕೇಳಿ ಶಿವಶರಣಪ್ಪ ತಿರುಗಿ ನೋಡಿದ.

"ಇದಕ್ಕೆ ಸಾಕ್ಷಿ ಏನಮ್ಮಾ?" ಸಾಯಿಕುಮಾರ ಕೇಳಿದ.

"ಮೂರು ಹಾಸ್ಟೆಲಿನ ವಹಿ ಐತಿ. ಜೋಳದ ಲೆಕ್ಕ ಬೇಕಂದ್ರ ನಿಮ್ಮ ಕಾಶಿನಾಥಣ್ಣನ್ನ ಕೇಳ್ರಿ. ಅವರ ಅಂಗಡಿಯಿಂದನಽ ತರಸತೀನಿ, ಸಾಬಣ್ಣನ ಆಟೋದಾಗ. ಭಾಲ್ಕಿ ಜೋಳ ಅಷ್ಟು ಚಲೋ ಬ್ಯಾರೆ ಕಡೆ ಸಿಗಂಗಿಲ್ಲ."

ಮತ್ತೆ ಕನ್ನಡಕ್ಕೆ ಜಾರಿದ್ದಳು. ರವಿಕಿರಣ ಅದನ್ನು ತೆಲುಗಿಗೆ ತಿರುಗಿಸಿದಾಗ ಕೋರ್ಟು ನಕ್ಕಿತು. ಜಡ್ಜ್ ಕಾಶಿನಾಥನನ್ನು ನೋಡಿದರು. ಅವನು ತಲೆ ಕೆರೆದುಕೊಳ್ಳುತ್ತ ಎದ್ದ. ಅವನ ಬಾಯಿಗೂ ಕನ್ನಡವೇ ಬಂತು, ರವಿಕಿರಣ ಅದನ್ನೂ ತಿರುಗಿಸಿದ.

"ಸಾಬಣ್ಣ ತಿಂಗಳಿಗೆ ಎರಡು ಕ್ವಿಂಟಲ್ ಒಯ್ಯೋದು ಖರೆ ಸಾರ್. ಯಾವತ್ತೂ ನಗದೇ ಕೊಡತಾನ. ಇವರ ಮನಿಗೆ ಅಂತ ಗೊತ್ತಿರಲಿಲ್ಲ." ಆಮೇಲೆ ಬೆರಳಲ್ಲಿ ಎಣಿಸಿ ಹೇಳಿದ: "ಎರಡು ಕ್ವಿಂಟಲ್ ಬಡದಾಳಂದ್ರ ಆಕಿ ಹೇಳಿದ ಲೆಕ್ಕ ಬರೋಬ್ಬರಿ ಐತಿ."

ಸಾಯಿಕುಮಾರ ಕೂತ. ಹೆಂಡತಿ ದುಡಿದ ಹಣ ಹೆಂಡತಿಯದು, ಅದಕ್ಕೂ ಈ ಅರ್ಜಿಗೂ ಸಂಬಂಧವಿಲ್ಲ ಎಂದು ಜಡ್ಜ್ ಬರೆಸಿದರು. ಬಿಡುಗಡೆ ಕೊಡಲು ಅಡ್ಡಿಯಿಲ್ಲ, ಆದರೆ ಪಗಾರ ಹೆಚ್ಚಿರುವುದರಿಂದ ಮೂವತ್ತು ತಿಂಗಳು ಒಂದು ಪಾಲು ಸಾಲಗಾರರಿಗೆ ಕಟ್ಟಬೇಕು. ಎಷ್ಟೆಂದು ಲೆಕ್ಕ ಹಾಕಲು ಪ್ರಮಾಣಪತ್ರ ಎತ್ತಿಕೊಂಡು ಗಟ್ಟಿಯಾಗಿ ಓದಿದರು.

"ಅರ್ಜಿದಾರನನ್ನು ಅವಲಂಬಿಸಿದವರು ಮೂವರು. ತಾಯಿ, ಹೆಂಡತಿ, ಮಗಳು. ಹಾಗಾದರೆ ತಿಂಗಳಿಗೆ ಎಂಟು ಸಾವಿರ."

ಎಂಟು. ಕಟಕಟೆ ಇಳಿದು ಹಿಂದಿನ ಬೆಂಚಿಗೆ ಬಂದಿದ್ದ ತಾಯಿಯ ಕೈಯನ್ನು ಪೂರ್ವಿ ಹಿಸುಕಿದಳು. ಸ್ನೇಹಲತಾ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಹದಿನೈದಕ್ಕೆ ಹೆದರಿದ್ದವರಿಗೆ ಎಂಟು.

"ಇಬ್ಬರು ಸಾರ್," ಶಿವಶರಣಪ್ಪ ಹೇಳಿದ.

"ಏನು?"

"ಮೂವರಲ್ಲ ಸಾರ್, ಇಬ್ಬರು. ತಾಯಿ, ಮಗಳು. ಹೆಂಡತಿಯ ಹೆಸರು ತಪ್ಪಿ ಬರೆಸಿದ್ದೇನೆ, ಹೊಡೆದುಹಾಕಬೇಕು. ಎರಡು ವರ್ಷ ನಾನೇ ಆಕೆಯನ್ನು ಅವಲಂಬಿಸಿದ್ದೆ."

ರವಿಕಿರಣ ಅವನ ತೋಳು ಜಗ್ಗಿದ. ಜಡ್ಜ್ ಪೆನ್ನು ಕೆಳಗಿಟ್ಟರು. "ಒಬ್ಬರನ್ನು ಬಿಟ್ಟರೆ ಕಂತು ಹತ್ತು ಸಾವಿರವಾಗುತ್ತದೆ. ಗೊತ್ತಿದೆಯೇ?"

"ಗೊತ್ತಿದೆ ಸಾರ್."

"ಹೊಡೆದುಹಾಕಿ," ಎಂದು ಜಡ್ಜ್ ಗುಮಾಸ್ತನಿಗೆ ಹೇಳಿದರು. ಗುಮಾಸ್ತ ಅಡಿಪಟ್ಟಿ ಇಟ್ಟು ಆ ಹೆಸರಿನ ಮೇಲೆ ಗೆರೆ ಎಳೆದ. ಪಕ್ಕದಲ್ಲಿ ಶಿವಶರಣಪ್ಪ ಸಹಿ ಮಾಡಿದ. ಅದರ ಕೆಳಗೆ ಬಿಡುಗಡೆಯ ಆದೇಶ ಬಂತು.

ಮೆಟ್ಟಿಲ ಹತ್ತಿರ ಕಾಶಿನಾಥ ನಿಂತಿದ್ದ. ಈ ಸಲ ಶಿವಶರಣಪ್ಪನೇ ಹತ್ತಿರ ಹೋದ. "ಹಿಂಗಾತೋ ಕಾಶಿ," ಎಂದ. ಕಾಶಿನಾಥ ಬೇರೆ ಕಡೆ ನೋಡುತ್ತಲೇ ಅವನ ಮೊಣಕೈ ಹಿಡಿದು ನಾಲ್ಕು ಮೆಟ್ಟಿಲು ಜೊತೆಗೆ ಇಳಿದ.

ಸ್ನೇಹಲತಾ ಆ ಹೊತ್ತಿಗೆ ಗೇಟು ದಾಟಿದ್ದಳು. ಬಸ್‌ಸ್ಟಾಪಿನಲ್ಲಿ ಗಂಡ ಬಂದು ಪಕ್ಕದಲ್ಲಿ ನಿಂತದ್ದೇ ಶುರು ಮಾಡಿದಳು. "ಎರಡು ಸಾವಿರ, ಮೂವತ್ತು ತಿಂಗಳು. ಅರವತ್ತು ಸಾವಿರ. ಬಾಯಿ ಮುಚ್ಚಿಕೊಂಡು ನಿಂದ್ರಾಕ ಏನಾಗಿತ್ರಿ ನಿಮಗ? ಫ್ರಿಜ್ ಬರತಿತ್ತು. ಅತ್ತೀ ಕಣ್ಣ ಆಪರೇಶನ್ ಆಗತಿತ್ತು."

"ನನ್ನ ಕಣ್ಣ ಸರಕಾರಿ ದವಾಖಾನ್ಯಾಗ ಪುಕ್ಕಟ ಆಗತೈತಿ," ಎಂದಳು ಸಾವಿತ್ರಿಬಾಯಿ.

"ನೀವು ಸುಮ್ಮನ ಕುಂದ್ರರಿ."

ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ಆಕೆ ಬೀದರಿನಲ್ಲಿರುವ ತಂಗಿ ಅಹಲ್ಯಾಗೆ ಫೋನು ಹಚ್ಚಿದಳು. ಅದು ಮುಗಿದ ಮೇಲೆ ಅಣ್ಣನ ಹೆಂಡತಿಗೆ. ಆಮೇಲೆ ಒಂದನೇ ಹಾಸ್ಟೆಲಿನ ಅಡಿಗೆಯ ಗಂಗೂಬಾಯಿಗೆ. ಗಂಡನ ಮೂರ್ಖತನ, ಅರವತ್ತು ಸಾವಿರದ ನಷ್ಟ, ಎಂಟಿದ್ದದ್ದು ಹತ್ತಾದದ್ದು, ಹತ್ತು ಮಾಡಿದ ಅವನ ಆ ಮಾತು, ಮೊದಲಿನಿಂದ ಕಡೆಯ ತನಕ ಮೂವರಿಗೂ ಹೇಳಿದಳು. ಇಡೀ ಬಸ್ಸಿಗೆ ಕೇಳಿಸುತ್ತಿತ್ತು. ಶಿವಶರಣಪ್ಪ ಕೈ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಂಡ. ನಾರಾಯಣಗೂಡ ಹತ್ತಿರವಾದಾಗ ಪೂರ್ವಿ ಇಳಿಯೋಣ ಎಂದು ತಾಯಿಯ ಭುಜ ತಟ್ಟಿದಳು. ಆಕೆ ಕೈಯಿಂದ ತಡೆದು, ಫೋನು ಇನ್ನೊಂದು ಕಿವಿಗೆ ಬದಲಿಸಿ, ಗಂಗೂಬಾಯಿಗೆ ಮತ್ತೊಮ್ಮೆ ಹೇಳಿದಳು:

"ಇಲ್ಲ ಇಲ್ಲ, ನೀ ಸರಿಯಾಗಿ ಕೇಳು. ಮನ್ಯಾಗ ಅಲ್ಲ. ಜಡ್ಜ್ ಮುಂದ ಅಂದ್ರು."